ಲಿಂಫ್ ನೋಡ್‌ಗೆ ಕ್ಯಾನ್ಸರ್ ಹರಡಿದ್ಯಾ? ಸ್ಕ್ಯಾನ್ ಎಷ್ಟು ಹೇಳುತ್ತೆ, ಎಲ್ಲಿ ಸುಮ್ಮನಾಗುತ್ತೆ

ಓದುಗರ ಪ್ರಶ್ನೆಗೆ ಡಾಕ್ಟರ್ ಉತ್ತರ

ಹೋದ ತಿಂಗಳು ಸ್ಕ್ಯಾನ್ ರಿಪೋರ್ಟ್ ಓದೋದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪದದ ಸುತ್ತ ಇದ್ವು, ಲಿಂಫ್ ನೋಡ್. ಪುಸ್ತಕದಲ್ಲಿ ದುಗ್ಧಗ್ರಂಥಿ ಅಂತ ಬರೀತಾರೆ, ಆದ್ರೆ ಆಸ್ಪತ್ರೆಯಲ್ಲಿ ಯಾರ ಬಾಯಲ್ಲೂ ಆ ಪದ ಬರಲ್ಲ, ಹಾಗಾಗಿ ನಾನೂ ನೋಡ್ ಅಂತಲೇ ಬರೀತೀನಿ. ಮೈಯಲ್ಲಿ ಇಂಥವು ಸುಮಾರು 600 ಇರ್ತವೆ, ಕುತ್ತಿಗೆ, ಕಂಕುಳು, ತೊಡೆಸಂದಿ, ಎದೆ ಹೊಟ್ಟೆ ಒಳಗೆಲ್ಲ. ಜೀವಕೋಶಗಳ ಮಧ್ಯೆ ಸೋರಿಬಂದ ನೀರನ್ನ (ಲಿಂಫ್ ಅನ್ನೋದು ಇದನ್ನೇ) ಸೋಸಿ ವಾಪಸ್ ರಕ್ತಕ್ಕೆ ಕಳಿಸೋ ಜಾಗ ಇವು. ಗಡ್ಡೆಯಿಂದ ಕಳಚಿಕೊಂಡ ಕ್ಯಾನ್ಸರ್ ಕೋಶನೂ ಇದೇ ನೀರಲ್ಲಿ ತೇಲಿಕೊಂಡು ಬರುತ್ತೆ, ಎಷ್ಟೋ ಕ್ಯಾನ್ಸರ್‌ಗಳಲ್ಲಿ ಅದು ಮೊದಲು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಸ್ಟೇಜ್ ಎಷ್ಟು, ಕಿಮೋ ಬೇಕಾ, ರೇಡಿಯೇಷನ್ ಎಲ್ಲಿವರೆಗೆ ಕೊಡಬೇಕು, ಆಪರೇಷನ್ ಆಗುತ್ತಾ ಇಲ್ವಾ, ಇಷ್ಟೆಲ್ಲ ಎಷ್ಟೋ ಸಲ ಒಂದು ಕಾಳಿನಷ್ಟು ಗ್ರಂಥಿ ಮೇಲೆ ನಿಂತಿರುತ್ತೆ. ಅದಕ್ಕೇ ಈ ಸಲ ಬೇರೆ ಪ್ರಶ್ನೆ ತಗೊಂಡಿಲ್ಲ, ಎಲ್ಲಾ ಇದೇ.

ಪ್ರಶ್ನೆ: ನಮ್ಮಕ್ಕನಿಗೆ ಸ್ತನ ಕ್ಯಾನ್ಸರ್, ಗಡ್ಡೆ 3 ಸೆಂ.ಮೀ. ಇದೆ. ಅಲ್ಟ್ರಾಸೌಂಡು, ಎಂಆರ್‌ಐ ಎರಡರಲ್ಲೂ ಕಂಕುಳಿನ ನೋಡ್ ನಾರ್ಮಲ್ ಅಂತ ಬಂದಿದೆ. ಆದ್ರೂ ಸರ್ಜನ್ ಒಂದೆರಡು ನೋಡ್ ತೆಗೆದು ನೋಡ್ಲೇಬೇಕು ಅಂತಿದ್ದಾರೆ. ಸ್ಕ್ಯಾನ್ ಕ್ಲೀನ್ ಇದ್ಮೇಲೆ ಮತ್ಯಾಕೆ ಕುಯ್ಯೋದು ಮೇಡಂ?

ಉತ್ತರ: ನಿಮ್ಮ ಸರ್ಜನ್ ಹೇಳಿದ್ದು ಸರಿ. ಯಾಕೆ ಸರಿ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ಉಳಿದ ಪ್ರಶ್ನೆಗಳ ಬುಡನೂ ಇಲ್ಲೇ ಇದೆ.

ಸಿಟಿ, ಎಂಆರ್‌ಐಯಲ್ಲಿ ನಾವು ನೋಡ್ ಬಗ್ಗೆ ಮೊದಲು ನೋಡೋದು ಅಳತೆ. ಅಡ್ಡಗಲ 10 ಮಿ.ಮೀ. ದಾಟಿದ್ರೆ ಅನುಮಾನ, ಒಳಗಿದ್ರೆ ನಾರ್ಮಲ್ ಅಂತ ಬಹಳ ವರ್ಷದಿಂದ ನಡ್ಕೊಂಡು ಬಂದಿರೋ ಲೆಕ್ಕ (ಕುತ್ತಿಗೆ, ತೊಡೆಸಂದಿ ಅಂತ ಜಾಗ ಬದಲಾದ್ರೆ ನಂಬರ್ ಸ್ವಲ್ಪ ಆಚೀಚೆ). ಈಗ ತೆಗೆದ ನೋಡ್‌ನ ಮೈಕ್ರೋಸ್ಕೋಪ್ ಅಡಿ ನೋಡೋ ಪೆಥಾಲಜಿಯವರ ಲೆಕ್ಕ ನೋಡಿ. ನೋಡ್ ಒಳಗೆ ಕ್ಯಾನ್ಸರ್ 2 ಮಿ.ಮೀ.ಗಿಂತ ದೊಡ್ಡದಿದ್ರೆ ಅದು ಮ್ಯಾಕ್ರೋ, 0.2ರಿಂದ 2 ಮಿ.ಮೀ. ಒಳಗಿದ್ರೆ ಮೈಕ್ರೋ, 0.2ಕ್ಕಿಂತ ಕಮ್ಮಿ ಇದ್ರೆ ಬರೀ ಬಿಡಿ ಕೋಶಗಳು. ಅಂದ್ರೆ 8 ಮಿ.ಮೀ. ಇರೋ ನಾರ್ಮಲ್ ನೋಡ್ ಒಳಗೆ ಒಂದು ಮೂಲೆಯಲ್ಲಿ 1 ಮಿ.ಮೀ. ಕ್ಯಾನ್ಸರ್ ಕೂತಿರಬಹುದು, ಅದರಿಂದ ನೋಡ್ ಊದಿಕೊಂಡಿರಲ್ಲ, ಆಕಾರ ಕೆಟ್ಟಿರಲ್ಲ, ಯಾವ ಮಷಿನ್ ಅಲ್ಲೂ ಅದು ಕಾಣಲ್ಲ. ಆದ್ರೆ ಆ 1 ಮಿ.ಮೀ.ನಲ್ಲಿ ಲಕ್ಷಗಟ್ಟಲೆ ಕೋಶ ಇರ್ತವೆ. ಹಾಗಾಗಿ ರಿಪೋರ್ಟಲ್ಲಿ ನಾರ್ಮಲ್ ಅಂತ ಬರೆದಿದ್ರೆ ಕ್ಯಾನ್ಸರ್ ಇಲ್ಲ ಅಂತ ಓದ್ಕೊಬೇಡಿ, ಕಣ್ಣಿಗೆ ಬೀಳೋವಷ್ಟು ಇಲ್ಲ ಅಂತ ಓದ್ಕೊಳ್ಳಿ.

ಕಂಕುಳಿನ ಮಟ್ಟಿಗೆ ಅಲ್ಟ್ರಾಸೌಂಡ್ ನನಗೆ ಬಹಳ ಇಷ್ಟದ ಟೆಸ್ಟ್, ಅದರಲ್ಲಿ ಅಳತೆಗಿಂತ ಒಳಗಿನ ರಚನೆ ಕಾಣುತ್ತೆ. ಆರೋಗ್ಯವಾಗಿರೋ ನೋಡ್ ಬೀನ್ಸ್ ಕಾಳಿನ ತರ ಉದ್ದುದ್ದ ಇರುತ್ತೆ, ಮಧ್ಯದಲ್ಲಿ ಕೊಬ್ಬಿನ ಬಿಳಿ, ಸುತ್ತ ತೆಳ್ಳಗೆ ಕಪ್ಪು ಅಂಚು. ಆ ಅಂಚು 3 ಮಿ.ಮೀ. ದಾಟಿ ದಪ್ಪ ಆಯ್ತಾ, ಒಂದೇ ಕಡೆ ಉಬ್ಬಿದ್ಯಾ, ಮಧ್ಯದ ಬಿಳಿ ಅಳಿಸಿಹೋಗಿದ್ಯಾ, ಕಾಳಿನ ತರ ಇದ್ದಿದ್ದು ಗೋಲಿಯ ತರ ಗುಂಡಗಾಗಿದ್ಯಾ ಅಂತ ನೋಡ್ತೀವಿ. ಅನುಮಾನ ಬಂದ್ರೆ ಅಲ್ಲೇ ಪರದೆ ನೋಡ್ಕೊಂಡೇ ಸೂಜಿ ಹಾಕ್ತೀವಿ. ನಿಮ್ಮಕ್ಕನಿಗೆ ಇದ್ಯಾವುದೂ ಇಲ್ಲ ಅನ್ನೋದು ನಿಜವಾಗ್ಲೂ ಒಳ್ಳೆ ಸುದ್ದಿ, ಕಂಕುಳು ಪೂರ್ತಿ ಬಿಡಿಸೋ ದೊಡ್ಡ ಆಪರೇಷನ್ ಬದಲು ಸೆಂಟಿನೆಲ್ ಬಯಾಪ್ಸಿ ಸಾಕು ಅಂತ ತೀರ್ಮಾನ ಆಗಿರೋದೇ ಆ ಕ್ಲೀನ್ ಸ್ಕ್ಯಾನಿಂದ.

ಸೆಂಟಿನೆಲ್ ಅಂದ್ರೆ ಕಾವಲುಗಾರ. ಗಡ್ಡೆಯಿಂದ ಹರಿದುಬರೋ ಲಿಂಫ್ ಮೊದಲು ಹೋಗಿ ಸೇರೋ ನೋಡ್ ಯಾವುದೋ ಅದು. ಅದರಲ್ಲಿ ಇಲ್ಲ ಅಂದ್ರೆ ಹಿಂದಿನದರಲ್ಲಿ ಇರೋ ಸಾಧ್ಯತೆ ಬಹಳ ಕಮ್ಮಿ. 1992ರಲ್ಲಿ ಅಮೆರಿಕದ ಸರ್ಜನ್ ಡೊನಾಲ್ಡ್ ಮಾರ್ಟನ್ ಅವರ ತಂಡ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್‌ನಲ್ಲಿ ನೀಲಿ ಬಣ್ಣ ಚುಚ್ಚಿ ಈ ನೋಡ್ ಹುಡುಕೋದನ್ನ ತೋರಿಸಿದ್ರು, 1994ರಲ್ಲಿ ಗಿಯುಲಿಯಾನೋ ಅನ್ನೋ ಇನ್ನೊಬ್ಬ ಸರ್ಜನ್ ಅದನ್ನೇ ಸ್ತನ ಕ್ಯಾನ್ಸರ್‌ಗೆ ತಂದ್ರು. ಅದೇ ಆಸುಪಾಸಿನಲ್ಲಿ ಟೆಕ್ನೀಷಿಯಂ ಅನ್ನೋ ರೇಡಿಯೋ ವಸ್ತು ಬಂತು, ಆರು ಗಂಟೆಗೊಮ್ಮೆ ಅದರ ಶಕ್ತಿ ಅರ್ಧ ಆಗ್ತಾ ಹೋಗುತ್ತೆ, ಸರ್ಜನ್ ಪೆನ್ನಿನಂಥ ಒಂದು ಪ್ರೋಬ್ ಹಿಡಿದು ಕಂಕುಳ ಮೇಲೆ ಆಡಿಸ್ತಾರೆ, ನೋಡ್ ಹತ್ರ ಬಂದಂಗೆ ಅದರ ಸದ್ದು ಜೋರಾಗುತ್ತೆ. ಈಗ ಇಂಡೋಸಯನಿನ್ ಗ್ರೀನ್ ಅಂತ ಇನ್ನೊಂದು ಬಣ್ಣ ಇದೆ. ಚುಚ್ಚಿ ಸ್ವಲ್ಪ ಹೊತ್ತಿಗೆ ಥಿಯೇಟರ್ ಲೈಟ್ ಕಮ್ಮಿ ಮಾಡಿ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದ್ರೆ ಸ್ತನದಿಂದ ಕಂಕುಳಿನ ಕಡೆ ಒಂದು ಬೆಳಕಿನ ಗೆರೆ ನಿಧಾನಕ್ಕೆ ಹರಿಯೋದು ಪರದೆ ಮೇಲೆ ಕಾಣುತ್ತೆ, ಗೆರೆ ಹೋಗಿ ನಿಂತ ಜಾಗದಲ್ಲಿ ಒಂದು ಚುಕ್ಕೆ ಹೊಳೀತಾ ಇರುತ್ತೆ, ಅದೇ ನೋಡ್. ನಾನು ಮೊದಲನೇ ಸಲ ನೋಡಿದಾಗ ಮಾತೇ ಹೊರಡಲಿಲ್ಲ. ಮೈಯೊಳಗಿನ ಆ ದಾರಿನ ನಾವು ಬರೀ ಚಿತ್ರದಲ್ಲಿ ಓದಿದವರು.

ಅಕ್ಕನಿಗೆ ಧೈರ್ಯ ಹೇಳಿ. ಒಂದರಿಂದ ಮೂರು ನೋಡ್ ತೆಗೀಬಹುದು, ಅಷ್ಟೇ.

ಪ್ರಶ್ನೆ: ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಪೆಟ್ ಸ್ಕ್ಯಾನಲ್ಲಿ ಎದೆ ಮಧ್ಯದ ಎರಡು ನೋಡ್ ಹೊಳೀತಿದೆ, ಎಸ್‌ಯುವಿ 6 ಅಂತ ಬರೆದಿದ್ದಾರೆ. ಮನೆಯಲ್ಲಿ ಎಲ್ಲರೂ ಹರಡಿಬಿಟ್ಟಿದೆ, ಇನ್ನು ಆಪರೇಷನ್ ಇಲ್ಲ ಅಂತ ಕೈಚೆಲ್ಲಿ ಕೂತಿದ್ದಾರೆ. ಡಾಕ್ಟರ್ ಮಾತ್ರ ಗಂಟಲಿಂದ ಟ್ಯೂಬ್ ಹಾಕಿ ಇನ್ನೊಂದು ಟೆಸ್ಟ್ ಮಾಡ್ಬೇಕು ಅಂತಾರೆ. 70 ವರ್ಷದವರಿಗೆ ಇದೆಲ್ಲ ಬೇಕಾ?

ಉತ್ತರ: ಬೇಕು. ದಯವಿಟ್ಟು ಮಾಡಿಸಿ, ಅದು ಆಗೋವರೆಗೆ ಮನೆಯಲ್ಲಿ ಯಾರೂ ತೀರ್ಪು ಕೊಡಬೇಡಿ.

ಪೆಟ್ ಸ್ಕ್ಯಾನಲ್ಲಿ ಕೊಡೋ ಇಂಜೆಕ್ಷನ್ ಸಕ್ಕರೆ ತರದ್ದು, ಎಫ್‌ಡಿಜಿ ಅಂತ. ಗ್ಲೂಕೋಸ್‌ಗೆ ಫ್ಲೋರಿನ್-18 ಅಂಟಿಸಿರ್ತಾರೆ, 110 ನಿಮಿಷಕ್ಕೊಮ್ಮೆ ಅದು ಅರ್ಧ ಅರ್ಧ ಆಗಿ ಕರಗಿಹೋಗುತ್ತೆ. ಹಸಿದಿರೋ ಕೋಶ ಯಾವುದೋ ಅದು ಈ ಸಕ್ಕರೆನ ಜಾಸ್ತಿ ಎಳ್ಕೊಳುತ್ತೆ, ಅಲ್ಲಿ ಹೊಳಪು ಬರುತ್ತೆ. ಕ್ಯಾನ್ಸರ್ ಕೋಶ ಹಸಿದಿರುತ್ತೆ ನಿಜ, ಆದ್ರೆ ಸೋಂಕಿನ ಜೊತೆ ಹೋರಾಡ್ತಿರೋ ನಮ್ಮದೇ ಬಿಳಿರಕ್ತ ಕೋಶಗಳೂ ಅಷ್ಟೇ ಹಸಿದಿರ್ತವೆ. ಟಿಬಿ, ಸಾರ್ಕಾಯ್ಡ್ (ಸೋಂಕಿಲ್ಲದೆಯೂ ನೋಡ್ ಊದಿಸೋ ಒಂದು ಕಾಯಿಲೆ), ಈಚೆಗೆ ಬಂದು ಹೋದ ನಿಮೋನಿಯಾ, ವರ್ಷಗಟ್ಟಲೆ ಕಲ್ಲುಧೂಳು ಕುಡಿದ ಶ್ವಾಸಕೋಶ, ಇವೆಲ್ಲದರಲ್ಲೂ ಎದೆಯ ನೋಡ್‌ಗಳು ಹೊಳೀತವೆ. ಎಸ್‌ಯುವಿ ಅನ್ನೋದು ಇಂಜೆಕ್ಷನ್ ಮೈಯಲ್ಲೆಲ್ಲ ಸಮ ಹರಡಿದ್ರೆ 1 ಅಂತ ಇಟ್ಕೊಂಡು ಆ ಜಾಗ ಅದಕ್ಕೆ ಎಷ್ಟು ಪಟ್ಟು ಹಿಡ್ಕೊಂಡಿದೆ ಅನ್ನೋ ಲೆಕ್ಕ. 2.5 ದಾಟಿದ್ರೆ ಕ್ಯಾನ್ಸರ್ ಅಂತ ಕೆಲವರು ಗೆರೆ ಎಳೀತಾರೆ, ಆ ಗೆರೆ ನಂಬಿ ಕೂರೋ ಹಾಗಿಲ್ಲ, ಟಿಬಿ ನೋಡ್ 10 ತೋರಿಸಿದ್ದೂ ಇದೆ.

ನನ್ನ ಟೇಬಲ್ ಮೇಲೇ ಒಂದೇ ವಾರದಲ್ಲಿ ಎರಡು ಸ್ಕ್ಯಾನ್ ಬಂದಿದ್ವು, ಇವತ್ತಿಗೂ ಮರೆತಿಲ್ಲ. ಒಬ್ಬರದು 24 ಮಿ.ಮೀ. ನೋಡ್, ದೀಪ ಹಚ್ಚಿದಂಗೆ ಉರೀತಿತ್ತು, ಮನೆಯವರು ಆಗಲೇ ಅಳೋಕೆ ಶುರು ಮಾಡಿದ್ರು. ಸೂಜಿ ಹಾಕಿದ್ರೆ ಬರೀ ಗ್ರಾನುಲೋಮಾ (ಟಿಬಿಯಂಥದ್ದರಲ್ಲಿ ಆಗೋ ಉರಿಯೂತದ ಗಂಟು), ಒಂದೇ ಒಂದು ಕ್ಯಾನ್ಸರ್ ಕೋಶ ಇಲ್ಲ, ಅವರಿಗೆ ಆಪರೇಷನ್ ಆಯ್ತು. ಇನ್ನೊಬ್ಬರದು 6 ಮಿ.ಮೀ., ಮಬ್ಬು ಹೊಳಪು, ಇದೇನು ಬಿಡಿ ಅಂತ ದಾಟಿಸಿಬಿಡೋ ಅಂಥದ್ದು. ಅದರಲ್ಲಿ ಕ್ಯಾನ್ಸರ್ ಇತ್ತು. ಪೆಟ್ ಮಷಿನ್‌ಗಳಿಗೆ 4ರಿಂದ 6 ಮಿ.ಮೀ. ಕೆಳಗೆ ಸರಿಯಾಗಿ ಕಣ್ಣು ಹಾಯಲ್ಲ, ಚಿಕ್ಕ ಚುಕ್ಕೆಯ ಹೊಳಪು ಸುತ್ತಲಿನದರ ಜೊತೆ ಕಲಸಿಕೊಂಡು ಮಬ್ಬಾಗಿಬಿಡುತ್ತೆ. ಎದೆಯ ಚಿತ್ರ ಆದ್ರಂತೂ ಉಸಿರಾಟದ ಜೊತೆ ಅಲ್ಲಾಡ್ತಾ ಇರುತ್ತೆ.

ಡಾಕ್ಟರ್ ಹೇಳಿದ ಟೆಸ್ಟ್ ಹೆಸರು ಈಬಸ್ ಇರಬೇಕು. ತೆಳು ಬ್ರಾಂಕೋಸ್ಕೋಪ್ ತುದಿಯಲ್ಲೇ ಒಂದು ಪುಟ್ಟ ಅಲ್ಟ್ರಾಸೌಂಡ್ ಇರುತ್ತೆ, ಶ್ವಾಸನಾಳದ ಒಳಗಿಂದಲೇ ಗೋಡೆಯ ಆಚೆ ಇರೋ ನೋಡ್ ನೋಡ್ಕೊಂಡು ಸೂಜಿ ಹಾಕಿ ಕೋಶ ತೆಗೀತಾರೆ. ಮಂಪರು ಕೊಡ್ತಾರೆ, ಹೊರಗೆ ಕುಯ್ಯೋದಿಲ್ಲ, ಎಷ್ಟೋ ಜನ ಅವತ್ತೇ ಮನೆಗೆ ಹೋಗ್ತಾರೆ. ಮೊದಲೆಲ್ಲ ಇದಕ್ಕೆ ಕತ್ತಿನ ಬುಡದಲ್ಲಿ ಕುಯ್ದು ಒಳಗೆ ಹೋಗಬೇಕಿತ್ತು. ಪೆಟ್ ಇಲ್ಲದಿದ್ರೆ ಯಾವ ನೋಡ್‌ಗೆ ಸೂಜಿ ಹಾಕಬೇಕು ಅಂತ ಗೊತ್ತಾಗ್ತಿರಲಿಲ್ಲ, ಸೂಜಿ ಇಲ್ಲದೆ ಪೆಟ್ ಹೇಳಿದ್ದು ನಿಜವಾ ಅಂತ ಗೊತ್ತಾಗಲ್ಲ, ಎರಡೂ ಜೊತೆಗೇ ಬೇಕು. ಅಪ್ಪನಿಗೆ ಮೊದಲು ಟಿಬಿ ಬಂದಿತ್ತಾ, ಈಚೆಗೆ ಎದೆ ಸೋಂಕು ಆಗಿತ್ತಾ ಅನ್ನೋದನ್ನ ಮರೀದೆ ಡಾಕ್ಟರಿಗೆ ಹೇಳಿ.

ಪ್ರಶ್ನೆ: ನನಗೆ ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅನ್ನೋ ಅಂಕ) 8. ಮಾಮೂಲಿ ಪೆಟ್ ಬೇಡ, ಪಿಎಸ್‌ಎಂಎ ಪೆಟ್ ಮಾಡಿಸಿ ಅಂದಿದ್ದಾರೆ. ಏನು ವ್ಯತ್ಯಾಸ? ಇದರಲ್ಲಿ ನೋಡ್ ಕ್ಲೀನ್ ಬಂದ್ರೆ ನಂಬಬಹುದಾ? ಕಬ್ಬಿಣದ ಪುಡಿ ಹಾಕಿ ಮಾಡೋ ಎಂಆರ್‌ಐ ಇನ್ನೂ ಒಳ್ಳೇದು ಅಂತ ಒಬ್ಬರು ಹೇಳಿದ್ರು, ಅದೇನು?

ಉತ್ತರ: ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಸಕ್ಕರೆ ಮೇಲೆ ಅಷ್ಟೊಂದು ಆಸೆ ಇಲ್ಲ, ಅದಕ್ಕೇ ಮಾಮೂಲಿ ಪೆಟ್ ಇಲ್ಲಿ ಸೋಲುತ್ತೆ. ಆದ್ರೆ ಆ ಕೋಶಗಳ ಹೊರಮೈ ಮೇಲೆ ಪಿಎಸ್‌ಎಂಎ ಅನ್ನೋ ಪ್ರೋಟೀನ್ ಕಿಕ್ಕಿರಿದಿರುತ್ತೆ. ಅದಕ್ಕೆ ಮಾತ್ರ ಹೋಗಿ ಅಂಟಿಕೊಳ್ಳೋ ಒಂದು ಚಿಕ್ಕ ಅಣುಗೆ ಗ್ಯಾಲಿಯಂ-68 ಅಥವಾ ಫ್ಲೋರಿನ್-18 ಕಟ್ಟಿ ಕಳಿಸ್ತಾರೆ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಪ್ರೊಪಿಎಸ್‌ಎಂಎ ಅಧ್ಯಯನದಲ್ಲಿ 302 ಗಂಡಸರನ್ನ ಎರಡು ಗುಂಪು ಮಾಡಿ ಹೋಲಿಸಿದ್ರು. ಸಿಟಿ ಮತ್ತೆ ಬೋನ್ ಸ್ಕ್ಯಾನ್ ಜೋಡಿ ಸರಿ ಹೇಳಿದ್ದು 65%, ಪಿಎಸ್‌ಎಂಎ 92%. ಅಲ್ಲಿಂದ ಈ ಟೆಸ್ಟ್ ಪ್ರಪಂಚದ ತುಂಬ ಹಬ್ಬಿತು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ವರ್ಷ ಡಿಸೆಂಬರಲ್ಲಿ ಒಪ್ಪಿಗೆ ಕೊಟ್ಟಿತು.

ಕ್ಲೀನ್ ಬಂದ್ರೆ ನಂಬಬಹುದಾ ಅಂತ ಕೇಳಿದ್ರಲ್ಲ, ಬಹಳ ಒಳ್ಳೆ ಪ್ರಶ್ನೆ, ಪೇಷಂಟ್‌ಗಳು ಅಪರೂಪಕ್ಕೆ ಕೇಳೋದು. 2021ರಲ್ಲಿ ಕ್ಯಾಲಿಫೋರ್ನಿಯಾದ ಎರಡು ಯೂನಿವರ್ಸಿಟಿಗಳು, ಸ್ಕ್ಯಾನ್ ಆದ್ಮೇಲೆ ಆಪರೇಷನ್ ಆದ 277 ಜನರ ನೋಡ್‌ಗಳನ್ನ ಮೈಕ್ರೋಸ್ಕೋಪ್ ಅಡಿ ನೋಡಿ ತಾಳೆ ಹಾಕಿದ್ವು. ಕಿಬ್ಬೊಟ್ಟೆಯ ನೋಡಲ್ಲಿ ಕ್ಯಾನ್ಸರ್ ಇಲ್ಲದವರಲ್ಲಿ 95% ಜನಕ್ಕೆ ಸ್ಕ್ಯಾನ್ ಇಲ್ಲ ಅಂತಲೇ ಹೇಳಿತ್ತು. ಆದ್ರೆ ನಿಜವಾಗ್ಲೂ ಇದ್ದವರಲ್ಲಿ ಅದು ಹಿಡಿದಿದ್ದು 40% ಮಾತ್ರ. ಅಂದ್ರೆ ಹೊಳೆದ್ರೆ ಬಹುಮಟ್ಟಿಗೆ ನಂಬಿ, ಹೊಳೀಲಿಲ್ಲ ಅಂದ್ರೆ ಪೂರ್ತಿ ನಂಬಬೇಡಿ. ಗ್ಲೀಸನ್ 8 ಅಂದ್ರೆ ಚುರುಕು ಜಾತಿ, ಸ್ಕ್ಯಾನ್ ಕ್ಲೀನ್ ಇದ್ರೂ ಸರ್ಜನ್ ನೋಡ್ ತೆಗೀತೀನಿ ಅಂದ್ರೆ, ಇಲ್ಲ ರೇಡಿಯೇಷನ್ ಡಾಕ್ಟರ್ ಆ ಜಾಗಕ್ಕೂ ಕೊಡ್ತೀನಿ ಅಂದ್ರೆ ಅದರ ಹಿಂದಿನ ಲೆಕ್ಕ ಇದೇ. ಹೊಳೆದಿದ್ದರಲ್ಲೂ ಒಂದು ಮೋಸ ಇದೆ, ಬೆನ್ನುಮೂಳೆ ಅಕ್ಕಪಕ್ಕ ಇರೋ ನರದ ಗಂಟುಗಳೂ ಪಿಎಸ್‌ಎಂಎ ಸ್ವಲ್ಪ ಹಿಡ್ಕೊಳ್ತವೆ, ಅನುಭವ ಇಲ್ಲದ ಕಣ್ಣು ಅದನ್ನ ನೋಡ್ ಅಂತ ಬರೆದುಬಿಡಬಹುದು. ನೋಡ್ ಗುಂಡಗೆ, ನರದ ಗಂಟು ಹನಿ ಅಥವಾ ಪಟ್ಟಿ ತರ, ಎಡಕ್ಕೂ ಬಲಕ್ಕೂ ಜೋಡಿಯಾಗಿ ಇರುತ್ತೆ, ಹಾಗೆ ಬೇರ್ಪಡಿಸ್ತೀವಿ.

ಇನ್ನು ಕಬ್ಬಿಣದ ವಿಷಯ. ಇದರ ಬಗ್ಗೆ ಬರೆಯೋಕೆ ನನಗೆ ಎಷ್ಟು ಜಾಗ ಕೊಟ್ರೂ ಸಾಲಲ್ಲ. ಫೆರುಮಾಕ್ಸ್‌ಟ್ರಾನ್-10 ಅಂತ ಔಷಧ, ಅತಿ ಸೂಕ್ಷ್ಮ ಕಬ್ಬಿಣದ ಆಕ್ಸೈಡ್ ಕಣಗಳು. ಡ್ರಿಪ್‌ನಲ್ಲಿ ಕೊಟ್ಟು ಒಂದು ದಿನ ಕಾಯಬೇಕು. ಆ ಹೊತ್ತಿಗೆ ಕಣಗಳು ನೋಡ್‌ಗಳಿಗೆ ಹೋಗಿ ಸೇರ್ತವೆ, ಅಲ್ಲಿನ ಮ್ಯಾಕ್ರೋಫೇಜ್ ಅನ್ನೋ ಕಸ ತಿನ್ನೋ ಕೋಶಗಳು ಅವನ್ನ ನುಂಗ್ತವೆ. ಕಬ್ಬಿಣ ತುಂಬಿದ ಜಾಗ ಎಂಆರ್‌ಐಯಲ್ಲಿ ಕಪ್ಪಾಗುತ್ತೆ. ಹಾಗಾಗಿ ಆರೋಗ್ಯವಾಗಿರೋ ನೋಡ್ ಇಡೀ ಇದ್ದಿಲಿನ ಹಾಗೆ ಕಪ್ಪು. ಕ್ಯಾನ್ಸರ್ ಹೊಕ್ಕಿರೋ ಕಡೆ ಮ್ಯಾಕ್ರೋಫೇಜ್‌ಗಳಿಗೆ ಜಾಗ ಇರಲ್ಲ, ಕಬ್ಬಿಣ ಸೇರಲ್ಲ, ಅಷ್ಟು ಭಾಗ ಬೆಳ್ಳಗೇ ಉಳಿಯುತ್ತೆ. ಕಪ್ಪು ಕಾಳಿನ ಒಂದು ಮೂಲೆಯಲ್ಲಿ ಬಿಳಿ ಚುಕ್ಕೆ ಕಂಡ್ರೆ ಅಲ್ಲಿ ಕ್ಯಾನ್ಸರ್ ಅಂತ ಗಟ್ಟಿ ಅನುಮಾನ. ಉಳಿದೆಲ್ಲ ಸ್ಕ್ಯಾನ್ ಕ್ಯಾನ್ಸರ್‌ನ ಹುಡುಕಿಕೊಂಡು ಹೋಗುತ್ತೆ, ಇದು ಆರೋಗ್ಯನ ಗುರುತು ಹಾಕಿ ಉಳಿದಿದ್ದನ್ನ ಬಿಟ್ಟುಕೊಡುತ್ತೆ, ಎಂಥ ಚಂದದ ಯೋಚನೆ ನೋಡಿ. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ 80 ಜನ ಪ್ರಾಸ್ಟೇಟ್ ಪೇಷಂಟ್‌ಗಳ 334 ನೋಡ್ ಪರೀಕ್ಷೆ ಮಾಡಿದ್ರು, 63ರಲ್ಲಿ ಕ್ಯಾನ್ಸರ್ ಇತ್ತು. ಆ 63ರಲ್ಲಿ 45 ನೋಡ್ ಹಳೇ ಅಳತೆ ಪ್ರಕಾರ ನಾರ್ಮಲ್ಲೇ! ಮಾಮೂಲಿ ಎಂಆರ್‌ಐ ಕ್ಯಾನ್ಸರ್ ಇದ್ದ ನೋಡ್‌ಗಳಲ್ಲಿ 35.4% ಹಿಡಿದ್ರೆ ಕಬ್ಬಿಣ ಹಾಕಿದಾಗ 90.5% ಸಿಕ್ತು.

ಇಷ್ಟು ಚೆನ್ನಾಗಿದ್ರೂ ಅದು ಎಲ್ಲಾ ಕಡೆ ಬರಲೇ ಇಲ್ಲ. ಯುರೋಪಲ್ಲಿ ಒಪ್ಪಿಗೆಗೆ ಹಾಕಿದ್ದ ಅರ್ಜಿನ ಕಂಪನಿ 2007ರಲ್ಲಿ ವಾಪಸ್ ತಗೊಂಡಿತು. ಆಮೇಲೆ ನೆದರ್ಲೆಂಡ್ಸ್‌ನ ನೈಮೇಖೆನ್‌ನ ರಾಡ್‌ಬೌಡ್ ಆಸ್ಪತ್ರೆಯವರು ಪಟ್ಟು ಹಿಡಿದು ಅದನ್ನ ಮತ್ತೆ ಬದುಕಿಸಿದ್ರು. ಬೇರೆ ಕಡೆ ಅದು ಸುಲಭಕ್ಕೆ ಸಿಗಲ್ಲ, ಹಾಗಾಗಿ ಅದಕ್ಕೆ ಕಾದು ಟ್ರೀಟ್‌ಮೆಂಟ್ ತಡ ಮಾಡ್ಕೊಬೇಡಿ. ಪಿಎಸ್‌ಎಂಎ ಮಾಡಿಸಿ.

ಪ್ರಶ್ನೆ: ನಾಲಿಗೆ ಅಂಚಲ್ಲಿ ಚಿಕ್ಕ ಕ್ಯಾನ್ಸರ್. ಕುತ್ತಿಗೆ ಸ್ಕ್ಯಾನ್ ಪೂರ್ತಿ ಕ್ಲೀನ್. ಆದ್ರೂ ಕುತ್ತಿಗೆ ಬಿಡಿಸಿ ನೋಡ್ ತೆಗೀಬೇಕಂತೆ. ಕಾದು ನೋಡಿದ್ರೆ ಆಗಲ್ವಾ?

ಉತ್ತರ: ಇದೇ ಪ್ರಶ್ನೆನ ಮುಂಬೈನ ಟಾಟಾ ಮೆಮೋರಿಯಲ್‌ನವರು ನೂರಾರು ಪೇಷಂಟ್‌ಗಳ ಮೇಲೆ ಪರೀಕ್ಷೆ ಮಾಡಿ 2015ರಲ್ಲಿ ಉತ್ತರ ಕೊಟ್ಟಿದ್ದಾರೆ. ಕೈಗೆ ನೋಡ್ ಸಿಗದ, ಶುರುವಿನ ಹಂತದ ಬಾಯಿ ಕ್ಯಾನ್ಸರ್‌ನವರಲ್ಲಿ ಬಾಯಿ ಆಪರೇಷನ್ ಜೊತೆಗೇ ಕುತ್ತಿಗೆ ನೋಡ್ ತೆಗೆಸಿಕೊಂಡವರು 3 ವರ್ಷಕ್ಕೆ 80% ಬದುಕಿದ್ರು, ನೋಡ್ ಊದಿಕೊಂಡ ಮೇಲೆ ನೋಡಿದ್ರಾಯ್ತು ಅಂತ ಕಾದವರು 67.5%. ಈ ಅಂತರ ಚಿಕ್ಕದಲ್ಲ. ಕಣ್ಣಿಗೂ ಕೈಗೂ ಸಿಗೋ ಹೊತ್ತಿಗೆ ಕೆಲವರಲ್ಲಿ ಕಾಲ ಮಿಂಚಿರುತ್ತೆ. ಗಡ್ಡೆ ಎಷ್ಟು ಆಳ ಇಳಿದಿದೆ ಅಂತ ಕೇಳಿ, ತೀರ ತೆಳ್ಳಗಿದ್ರೆ ಮಾತು ಬೇರೆ. ಮತ್ತೆ ಕೆಲವು ದೊಡ್ಡ ಸೆಂಟರ್‌ಗಳಲ್ಲಿ ಬಾಯಿಗೂ ಸೆಂಟಿನೆಲ್ ವಿಧಾನ ಇದೆ, ನಿಮಗೆ ಹೊಂದುತ್ತಾ ಅಂತ ವಿಚಾರಿಸಿ. ಆದ್ರೆ ಸ್ಕ್ಯಾನ್ ಕ್ಲೀನ್ ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ.

ಪ್ರಶ್ನೆ: ವ್ಯಾಕ್ಸಿನ್ ಹಾಕಿಸಿಕೊಂಡ ಎರಡು ವಾರಕ್ಕೆ ಸ್ಕ್ಯಾನ್ ಮಾಡಿಸಿದೆ, ಆ ಕಡೆ ಕಂಕುಳಲ್ಲಿ ನೋಡ್ ದೊಡ್ಡದಾಗಿದೆ ಅಂತ ಬಂತು. ನಿದ್ದೆ ಬರ್ತಿಲ್ಲ.

ಉತ್ತರ: ವ್ಯಾಕ್ಸಿನ್ ಹಾಕಿದ ಕಡೆ ಕಂಕುಳ ನೋಡ್ ಊದೋದು ಸಹಜ, ಕೋವಿಡ್ ಲಸಿಕೆ ಕಾಲದಲ್ಲಿ ನಾವು ಇದನ್ನ ರಾಶಿ ರಾಶಿ ನೋಡಿದ್ವಿ, ಪೆಟ್‌ನಲ್ಲೂ ಜೋರಾಗಿ ಹೊಳೀತಿದ್ವು. ನೋಡ್ ಪಾಠ ಕಲೀತಿದೆ ಅಂದ್ಕೊಳ್ಳಿ. ಯಾವ ತೋಳಿಗೆ, ಯಾವ ತಾರೀಖಿಗೆ ಹಾಕಿಸಿಕೊಂಡ್ರಿ ಅಂತ ರಿಪೋರ್ಟ್ ಬರೆದ ಡಾಕ್ಟರಿಗೆ ತಿಳಿಸಿ, ಅವರು ಹೇಳಿದ ವಾರಕ್ಕೆ ಅಲ್ಟ್ರಾಸೌಂಡ್ ಮತ್ತೆ ಮಾಡಿಸಿ, ಆಗಲೂ ಹಾಗೇ ಇದ್ರೆ ಸೂಜಿ ಟೆಸ್ಟ್. ಒಂದು ಕಡೆ ಸ್ತನ ಕ್ಯಾನ್ಸರ್ ಆಗಿರೋರು ಇನ್ನೊಂದು ಕಡೆ ತೋಳಿಗೆ ಹಾಕಿಸಿಕೊಳ್ಳಿ, ಗೊಂದಲ ಇರಲ್ಲ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದ್ತಿದ್ದೀನಿ. ಎಐ ಈಗ ನೋಡ್‌ನಲ್ಲಿ ಕ್ಯಾನ್ಸರ್ ಡಾಕ್ಟರಿಗಿಂತ ಚೆನ್ನಾಗಿ ಹಿಡಿಯುತ್ತೆ ಅಂತ ಓದಿದೆ. ಹಾಗಿದ್ರೆ ಸೂಜಿ, ಬಯಾಪ್ಸಿ ಎಲ್ಲ ಹೋಗುತ್ತಾ ಮೇಡಂ?

ಉತ್ತರ: ನೀವು ಓದಿದ್ದು ಬಹುಶಃ ಕ್ಯಾಮೆಲಿಯನ್16 ಬಗ್ಗೆ ಇರಬೇಕು, ನೆದರ್ಲೆಂಡ್ಸ್‌ನವರು ನಡೆಸಿದ ಸ್ಪರ್ಧೆ, ಫಲಿತಾಂಶ 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂತು. ಸ್ತನ ಕ್ಯಾನ್ಸರ್‌ನ ಸೆಂಟಿನೆಲ್ ನೋಡ್‌ಗಳ 129 ಸ್ಲೈಡ್, 32 ಪ್ರೋಗ್ರಾಂ, 11 ಜನ ಪೆಥಾಲಜಿಸ್ಟ್. ಟೈಮ್ ಕಟ್ಟಿಹಾಕಿ ಕೂರಿಸಿದಾಗ ಒಳ್ಳೆ ಪ್ರೋಗ್ರಾಂಗಳು ಡಾಕ್ಟರ್‌ಗಳನ್ನ ಹಿಂದೆ ಹಾಕಿದ್ವು. ಟೈಮ್ ಮಿತಿ ಇಲ್ಲದೆ ಒಬ್ಬರು ಪೆಥಾಲಜಿಸ್ಟ್ ಸುಮಾರು 30 ಗಂಟೆ ಕೂತು ನೋಡಿದಾಗ ಅವರೂ ಅದರ ಹತ್ತಿರ ಬಂದ್ರು. ಇದರಲ್ಲಿ ಎರಡು ವಿಷಯ ಗಮನಿಸಿ. ಇದು ಸ್ಕ್ಯಾನ್ ಅಲ್ಲ, ಮೈಯಿಂದ ತೆಗೆದ ನೋಡ್‌ನ ಸ್ಲೈಡ್. ಎರಡನೇದು, ಸುಸ್ತಾದ ಕಣ್ಣು ದಾಟಿಸಿಬಿಡೋ ಚಿಕ್ಕ ಚುಕ್ಕೆ ಹತ್ರ ಮಷಿನ್ ನಿಂತು ಇಲ್ಲಿ ನೋಡಿ ಅನ್ನುತ್ತೆ. ಸಂಜೆ ಆರು ಗಂಟೆಗೆ ಕೊನೇ ಸ್ಕ್ಯಾನ್ ಓದೋ ನನಗೆ ಅದರ ಬೆಲೆ ಗೊತ್ತು.

ಸ್ಕ್ಯಾನ್ ಕಡೆ ಬಂದ್ರೆ ಕಷ್ಟ ಬೇರೆ. ಪ್ರೋಗ್ರಾಂಗೆ ಕಲಿಸಬೇಕು ಅಂದ್ರೆ ಈ ನೋಡಲ್ಲಿ ಕ್ಯಾನ್ಸರ್ ಇತ್ತು, ಇದರಲ್ಲಿ ಇರಲಿಲ್ಲ ಅಂತ ಸರಿ ಉತ್ತರ ಬೇಕಲ್ವಾ, ಆದ್ರೆ ಚಿತ್ರದಲ್ಲಿ ಕಂಡ ಮೂರನೇ ನೋಡು, ಸರ್ಜನ್ ತೆಗೆದು ಬಾಟಲಿಗೆ ಹಾಕಿದ ಏಳನೇ ನೋಡು ಎರಡೂ ಒಂದೇನಾ ಅಂತ ಹೇಳೋದು ಭಾರಿ ಕಷ್ಟ. ಒಂದು ಆಸ್ಪತ್ರೆಯ ಮಷಿನ್‌ನಲ್ಲಿ ಕಲಿತಿದ್ದು ಇನ್ನೊಂದು ಕಡೆ ಎಡವುತ್ತೆ. ಟಿಬಿ ಕಮ್ಮಿ ಇರೋ ಕಡೆ ಕಲಿತ ಪ್ರೋಗ್ರಾಂ ಟಿಬಿ ಜಾಸ್ತಿ ಇರೋ ಕಡೆ ಬಂದು ಹೊಳೆದಿದ್ದೆಲ್ಲ ಕ್ಯಾನ್ಸರ್ ಅಂದ್ರೆ ಏನು ಗತಿ? ನೀವು ಈ ಕ್ಷೇತ್ರಕ್ಕೆ ಬರೋ ಹಾಗಿದ್ರೆ ಖಂಡಿತ ಬನ್ನಿ, ಬರೋ ಮುಂಚೆ ಒಂದು ವಾರ ಪೆಥಾಲಜಿ ಲ್ಯಾಬಲ್ಲಿ ಕೂತು ಒಂದು ನೋಡ್‌ನ ಹೇಗೆ ಹೋಳು ಮಾಡ್ತಾರೆ, ಎಷ್ಟು ಭಾಗ ನೋಡ್ತಾರೆ, ಎಷ್ಟು ನೋಡೋಕಾಗಲ್ಲ ಅಂತ ಕಣ್ಣಾರೆ ನೋಡಿ.

ಪ್ರಶ್ನೆ: ನನಗೀಗ 66. ಇಪ್ಪತ್ತಾರು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಕಂಕುಳಿನ 17 ನೋಡ್ ತೆಗೆದ್ರು. ಹದಿನೇಳರಲ್ಲಿ ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ ಅಂತ ರಿಪೋರ್ಟ್ ಬಂತು. ಕ್ಯಾನ್ಸರ್ ವಾಸಿಯಾಯ್ತು, ಆದ್ರೆ ಬಲಗೈ ಅವತ್ತಿಂದ ಊದಿಕೊಂಡೇ ಇದೆ, ಬ್ಲೌಸ್ ತೋಳು ಎರಡು ಅಳತೆ ಹೊಲಿಸಬೇಕು. ಈಗಿನ ಸ್ಕ್ಯಾನ್‌ಗಳು ಆಗ ಇದ್ದಿದ್ರೆ ನನ್ನ ಕೈ ಉಳೀತಿತ್ತಾ?

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ನೇರವಾಗಿ ಹೇಳ್ತೀನಿ, ಬಹುಶಃ ಉಳೀತಿತ್ತು. ಕಂಕುಳು ಪೂರ್ತಿ ಬಿಡಿಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತೆ, ಸೆಂಟಿನೆಲ್ ಮಾತ್ರ ಆದವರಲ್ಲಿ ನೂರಕ್ಕೆ ಐದಾರು ಜನಕ್ಕೆ. ನಿಮ್ಮ ಆಪರೇಷನ್ ಆದಾಗ ಸೆಂಟಿನೆಲ್ ವಿಧಾನ ಇನ್ನೂ ಎಲ್ಲಾ ಕಡೆ ತಲುಪಿರಲಿಲ್ಲ, ನಿಮ್ಮ ಡಾಕ್ಟರ್ ಆಗಿನ ಕಾಲಕ್ಕೆ ಸರಿ ಅನ್ನಿಸಿಕೊಂಡಿದ್ದನ್ನೇ ಮಾಡಿದ್ದಾರೆ. ಆಮೇಲೆ ಒಂದೊಂದೇ ಮೆಟ್ಟಿಲು ಇಳೀತಾ ಬಂದ್ವಿ. 2011ರಲ್ಲಿ ಅಮೆರಿಕದ ಝಡ್‌11 ಅಧ್ಯಯನ, ಸ್ತನ ಉಳಿಸಿ ರೇಡಿಯೇಷನ್ ತಗೊಳ್ಳೋರಿಗೆ ಸೆಂಟಿನೆಲ್‌ನ ಒಂದೆರಡರಲ್ಲಿ ಕ್ಯಾನ್ಸರ್ ಇದ್ರೂ ಉಳಿದಿದ್ದನ್ನೆಲ್ಲ ತೆಗೀಬೇಕಾಗಿಲ್ಲ ಅಂತ ತೋರಿಸಿತು. 2023ರಲ್ಲಿ ಮಿಲಾನ್‌ನವರು ಮುಂದಾಳಾಗಿ ನಡೆಸಿದ ಸೌಂಡ್ ಅಧ್ಯಯನ ಇನ್ನೂ ಮುಂದೆ ಹೋಯ್ತು, 1,405 ಹೆಂಗಸರು, ಗಡ್ಡೆ 2 ಸೆಂ.ಮೀ. ಒಳಗೆ, ಕಂಕುಳ ಅಲ್ಟ್ರಾಸೌಂಡ್ ಕ್ಲೀನ್. ಅರ್ಧ ಜನಕ್ಕೆ ಸೆಂಟಿನೆಲ್ ಮಾಡಿದ್ರು, ಅರ್ಧ ಜನಕ್ಕೆ ಕಂಕುಳು ಮುಟ್ಟಲೇ ಇಲ್ಲ. ಐದು ವರ್ಷ ಆದ್ಮೇಲೆ ಕ್ಯಾನ್ಸರ್ ದೂರಕ್ಕೆ ಹರಡದೆ ಚೆನ್ನಾಗಿದ್ದವರು ಮಾಡಿಸಿಕೊಂಡವರಲ್ಲಿ 97.7%, ಮಾಡಿಸಿಕೊಳ್ಳದವರಲ್ಲಿ 98%. ಒಂದು ಒಳ್ಳೆ ಅಲ್ಟ್ರಾಸೌಂಡ್ ಆ ಹೆಂಗಸರ ಕಂಕುಳಿಗೆ ಕತ್ತರಿ ಬೀಳದಂಗೆ ನೋಡ್ಕೊಂಡಿತು. ಮೊದಲನೇ ಪ್ರಶ್ನೆಯ ಅಕ್ಕನಿಗೆ ಗಡ್ಡೆ 3 ಸೆಂ.ಮೀ., ಅದಕ್ಕೇ ಅವರಿಗೆ ಈ ಲೆಕ್ಕ ಹಾಕಲಿಲ್ಲ.

ನಿಮ್ಮ ಕೈ ಬಗ್ಗೆ ಈಗಲೂ ಮಾಡೋದಿದೆ. ಆಗ್ಲೇ ಹೇಳಿದ ಇಂಡೋಸಯನಿನ್ ಗ್ರೀನ್‌ನ ಈಗ ಊದಿದ ಕೈಗೂ ಬಳಸ್ತಾರೆ. ಬೆರಳ ಸಂದಿಯಲ್ಲಿ ಚಿಕ್ಕ ಇಂಜೆಕ್ಷನ್ ಕೊಟ್ಟು ಕ್ಯಾಮೆರಾ ಹಿಡಿದ್ರೆ ಯಾವ ಲಿಂಫ್ ನಾಳ ಇನ್ನೂ ಹರೀತಿದೆ, ಎಲ್ಲಿ ಕಟ್ಟಿಕೊಂಡು ಚರ್ಮದೊಳಗೆ ಹರಡಿಹೋಗ್ತಿದೆ ಅಂತ ಕಾಣುತ್ತೆ. ಹರೀತಿರೋ ದಾರಿ ಗೊತ್ತಾದ್ರೆ ಫಿಸಿಯೋದವರು ಆ ದಿಕ್ಕಿಗೇ ಮಸಾಜ್ ಮಾಡ್ತಾರೆ, ಕೆಲವರಿಗೆ ಆ ನಾಳನ ಪಕ್ಕದ ರಕ್ತನಾಳಕ್ಕೆ ಜೋಡಿಸೋ ಸೂಕ್ಷ್ಮ ಆಪರೇಷನ್ನೂ ಆಗುತ್ತೆ. ಇಷ್ಟು ವರ್ಷದ ಬಾವು ಪೂರ್ತಿ ಇಳಿಯುತ್ತೆ ಅಂತ ಮಾತು ಕೊಡಲ್ಲ, ಆದ್ರೆ ಬಿಗಿ ತೋಳುಪಟ್ಟಿ, ಬ್ಯಾಂಡೇಜು, ಮಸಾಜು ಸರಿಯಾಗಿ ನಡೆದ್ರೆ ಎಷ್ಟೋ ಜನಕ್ಕೆ ಭಾರ ಕಮ್ಮಿ ಆಗಿದೆ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದ್ರೆ ಮಾತ್ರ ಒಂದು ದಿನಾನೂ ಕಾಯಬೇಡಿ, ಅವತ್ತೇ ಡಾಕ್ಟರ ಹತ್ರ ಹೋಗಿ. ಲಿಂಫೆಡಿಮಾ (ಈ ತರದ ಬಾವಿಗೆ ಡಾಕ್ಟರ್‌ಗಳು ಹೇಳೋ ಹೆಸರು) ನೋಡೋ ಪ್ಲಾಸ್ಟಿಕ್ ಸರ್ಜನ್ ಅಥವಾ ಫಿಸಿಯೋ ಹತ್ರ ಹೋಗುವಾಗ ಆ ಹಳೇ ಆಪರೇಷನ್ ರಿಪೋರ್ಟ್ ತಗೊಂಡು ಹೋಗಿ, 17 ನೋಡ್ ಅಂತ ಬರೆದಿರೋದು ಅವರಿಗೂ ಬೇಕಾಗುತ್ತೆ.